ಧ್ವನಿಯನ್ನು ಗದರಿಸುವ ಪಾಠ

ವೆನಿಂಗ್ ಬೆಳೆದ ಮನೆಯ ಅಡುಗೆಕೋಣೆಯ ಹಿಂದೆ ಹಳೆಯದೊಂದು ಆಡಿನ ಕೊಟ್ಟಿಗೆ ಇತ್ತು. ಆಡುಗಳನ್ನು ಮಾರಿದ ಮೇಲೆ ಅಲ್ಲಿ ಅವಳ ತಾಯಿಯ ತಮ್ಮ ಕಸ್ನೊ ಇರುತ್ತಿದ್ದ. ಅವನ ಎಡಗಾಲಿಗೆ ಒಂದು ಸರಪಳಿ. ಸರಪಳಿಯ ಇನ್ನೊಂದು ತುದಿ ಹಲಸಿನ ಮರದ ಕಂಬಕ್ಕೆ. ಸುಂಬಿಂಗ್ ಬೆಟ್ಟದ ಇಳಿಜಾರಿನ ಆ ಹಳ್ಳಿಯಲ್ಲಿ ಇದನ್ನು ಯಾರೂ ಮುಚ್ಚಿಡುತ್ತಿರಲಿಲ್ಲ. ಯಾರೂ ಅದರ ಬಗ್ಗೆ ಮಾತಾಡುತ್ತಲೂ ಇರಲಿಲ್ಲ.

ಒಂದು ಕಾಲದಲ್ಲಿ ಕಸ್ನೊ ಹೊಗೆಸೊಪ್ಪು ಹೆಚ್ಚುವುದರಲ್ಲಿ ಪಳಗಿದ ಕೈ. ಕೊಯ್ಲಿನ ದಿನಗಳಲ್ಲಿ ಆಚೀಚಿನ ಹಳ್ಳಿಯವರೂ ಅವನನ್ನು ಕರೆಯಲು ಬರುತ್ತಿದ್ದರು. ಒಂದು ವರ್ಷ ಅವನು, ಎಲೆಗಳು ನನ್ನ ಹತ್ತಿರ ಪಿಸುಗುಡುತ್ತಿವೆ ಎಂದ. ಮೊದಮೊದಲು ಜನ ನಕ್ಕರು. ಆಮೇಲೊಂದು ದಿನ ಅವನು ಹೆಚ್ಚುವ ಕತ್ತಿ ಹಿಡಿದು ದಾರಿಯ ನಡುವೆ ನಿಂತು, ಹೋಗುವವರನ್ನೆಲ್ಲ ತಡೆದು, ಅವರವರ ಮನೆಯಲ್ಲಿ ಯಾರು ಸಾಯುತ್ತಾರೆಂದು ಹೆಸರು ಹಿಡಿದು ಹೇಳಿದ. ಯಾರಿಗೂ ಗಾಯವಾಗಲಿಲ್ಲ. ಆದರೆ ಅವನು ಹೆಸರು ಹೇಳಿದವರಲ್ಲಿ ಒಬ್ಬ ಮುದುಕ ಆ ತಿಂಗಳೇ ತೀರಿಕೊಂಡ. ಮುದುಕನಿಗೆ ಮೊದಲಿನಿಂದಲೂ ಉಬ್ಬಸವಿತ್ತು ಎನ್ನುವುದು ಆಗ ಯಾರಿಗೂ ನೆನಪಾಗಲಿಲ್ಲ. ಊರವರು ಸೇರಿ ಕಸ್ನೊನ ತಾಯಿ, ಅಂದರೆ ವೆನಿಂಗಳ ಅಜ್ಜಿ, ತುಮಿರಾಳಿಗೆ ಎರಡೇ ದಾರಿ ಕೊಟ್ಟರು: ಮಗನನ್ನು ಕಟ್ಟಬೇಕು, ಇಲ್ಲವೇ ಅವನನ್ನು ಕರೆದುಕೊಂಡು ಊರು ಬಿಡಬೇಕು. ತುಮಿರಾ ಸಂತೆಗೆ ಹೋಗಿ ಸರಪಳಿ ತಂದಳು.

ಅಜ್ಜಿ ಗದ್ದೆಗೆ ಹೋದ ದಿನಗಳಲ್ಲಿ ಮಾವನಿಗೆ ಊಟ ಕೊಡುವ ಕೆಲಸ ಪುಟ್ಟ ವೆನಿಂಗಳದ್ದು. ಜೋಳದ ಅನ್ನ, ಒಣಮೀನು ಇಟ್ಟ ತಟ್ಟೆಯನ್ನು ನೆಲದ ಮೇಲಿಟ್ಟು ಬಿದಿರಿನ ಗಳುವಿನಿಂದ ಮುಂದಕ್ಕೆ ತಳ್ಳಿ ಓಡಿಬಿಡುತ್ತಿದ್ದಳು. ಶಾಲೆಯಲ್ಲಿ ಹುಡುಗಿಯರು, "ಏ ವೆನಿಂಗ್, ನಿಮ್ಮನೆ ಆಡು ಇವತ್ತು ಏನ್ ತಿಂತು?" ಎಂದು ಕೇಳಿ ಕಿಸಕ್ಕನೆ ನಗುತ್ತಿದ್ದರು. ಅವಳಿಗೆ ಮಾವನೆಂದರೆ ಭಯ, ಅದಕ್ಕಿಂತ ಹೆಚ್ಚಾಗಿ ನಾಚಿಕೆ.

ಅವಳ ತಾಯಿ ಮಲೇಷ್ಯಾದಲ್ಲಿ ಮನೆಗೆಲಸಕ್ಕಿದ್ದಳು. ಮಗಳು ಇನ್ನೊಬ್ಬರ ಮನೆಯ ನೆಲ ಒರೆಸಬಾರದು, ನರ್ಸ್ ಆಗಬೇಕು ಎನ್ನುವುದು ಆಕೆಯ ಹಟ. ವೆನಿಂಗ್ ಪಟ್ಟಣದ ನರ್ಸಿಂಗ್ ಕಾಲೇಜು ಸೇರಿದಳು. ಓದಿನಲ್ಲಿ ಚುರುಕು, ಮಾತು ಕಡಿಮೆ. ಮನೆಯ ವಿಷಯ ಯಾರಾದರೂ ಕೇಳಿದರೆ, "ಅಜ್ಜಿ ಮತ್ತೆ ನಾನು, ಅಷ್ಟೇ" ಎನ್ನುತ್ತಿದ್ದಳು.

ಮೂರನೆಯ ವರ್ಷದಲ್ಲಿ ಮಾನಸಿಕ ಕಾಯಿಲೆಗಳ ಪಾಠ ಶುರುವಾಯಿತು. ಪಾಠಕ್ಕೆ ಮೊದಲು ಕಾಲೇಜಿನವರು ವಿದ್ಯಾರ್ಥಿನಿಯರ ಮನೋಭಾವ ತಿಳಿಯಲು ಪ್ರಶ್ನೆಗಳ ಹಾಳೆಯೊಂದನ್ನು ಹಂಚಿದರು. ಮಾನಸಿಕ ರೋಗಿ ಅಪಾಯಕಾರಿಯೇ? ಅಂಥವರ ಪಕ್ಕದ ಮನೆಯಲ್ಲಿ ವಾಸಿಸಲು ಒಪ್ಪುವಿರಾ? ಅಂಥವರ ಕುಟುಂಬದಲ್ಲಿ ಸಂಬಂಧ ಬೆಳೆಸುವಿರಾ? ಗೆಳತಿ ಮೆನಿಕ್ ಪೆನ್ನು ಕಚ್ಚುತ್ತ, "ಪಕ್ಕದ ಮನೇಲಾ? ನಂಗೆ ಪಕ್ಕದ ಬೀದೀನೂ ಬೇಡಮ್ಮಾ" ಎಂದಳು. ವೆನಿಂಗ್ ಎಲ್ಲರಂತೆ "ಹೌದು, ಇಲ್ಲ, ಇಲ್ಲ" ಎಂದು ಗುರುತು ಹಾಕಿ ಕೊಟ್ಟಳು.

ಪಾಠ ಹೇಳುತ್ತಿದ್ದವರನ್ನು ಹುಡುಗಿಯರು ಗೌರವದಿಂದ ಬು ಹರ್ತಿನಿ, ಅಂದರೆ ಹರ್ತಿನಿಯಮ್ಮ ಎನ್ನುತ್ತಿದ್ದರು. ಶಿಸ್ತಿನ ಹೆಂಗಸು. ಮೊದಲ ದಿನವೇ, "ಹುಚ್ಚ ಅನ್ನೋ ಮಾತು ಈ ಕೋಣೇಲಿ ಕೇಳಿಸಬಾರದು" ಎಂದರು.

ಮೆನಿಕ್ ಪಿಸುಗುಟ್ಟಿದಳು. "ಹಾಗಾದ್ರೆ ನಮ್ಮ ಹಾಸ್ಟೆಲ್ ವಾರ್ಡನ್ನ ಏನಂತ ಕರೆಯೋದು?"

ಇನ್ನೊಂದು ದಿನ ಬು ಹರ್ತಿನಿ ಗೋಡೆಯ ಮೇಲೆ ಒಂದು ಚಿತ್ರ ಮೂಡಿಸಿದರು. ಮರದ ದಿಮ್ಮಿಯ ತೂತುಗಳಲ್ಲಿ ಕಾಲು ಸಿಕ್ಕಿಸಿ ಕೂರಿಸಿದ್ದ ಒಬ್ಬ ಗಂಡಸು. ಕಾಲುಗಳು ಕಡ್ಡಿಯಂತೆ ಒಣಗಿದ್ದವು. ತರಗತಿ ಹೌಹಾರಿತು.

"ಥೂ, ಎಂಥ ಜನ! ಮೃಗಗಳು" ಎಂದು ಹಿಂದಿನ ಸಾಲಿನ ಹುಡುಗಿಯೊಬ್ಬಳು ಅಂದಳು.

"ನಿಮ್ಮಲ್ಲಿ ಯಾರಾದರೂ ಇಂಥದನ್ನ ಕಣ್ಣಾರೆ ನೋಡಿದೀರಾ?" ಎಂದು ಬು ಹರ್ತಿನಿ ಕೇಳಿದರು. ಒಂದು ಕೈಯೂ ಮೇಲೇಳಲಿಲ್ಲ. ವೆನಿಂಗ್ ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟು ಕುಳಿತಿದ್ದಳು. ತನ್ನ ಮನೆಯ ಆ 'ಮೃಗ', ಅಜ್ಜಿ, ಪ್ರತಿ ಬೆಳಿಗ್ಗೆ ಬಿಸಿನೀರು ಕಾಯಿಸಿ ಮಗನ ಬೆನ್ನು ಉಜ್ಜುತ್ತಾಳೆ, ಅವನಿಗಿಟ್ಟು ಉಳಿದದ್ದನ್ನು ತಾನು ತಿನ್ನುತ್ತಾಳೆ ಎಂದು ಅವಳಿಗೆ ಗೊತ್ತಿತ್ತು.

ಆಸ್ಪತ್ರೆಯ ಕೆಲಸಕ್ಕೆ ಹೋಗುವ ಮುನ್ನ ಅವರು ಎಲ್ಲಕ್ಕಿಂತ ಹೆಚ್ಚು ಅಭ್ಯಾಸ ಮಾಡಿದ್ದು ಇಲ್ಲದ ಧ್ವನಿ ಕೇಳಿಸುವ ರೋಗಿಗೆ ಕಲಿಸುವ ಪಾಠವನ್ನು. ಅದರಲ್ಲಿ ಹಂತಗಳಿವೆ. ಮೊದಲನೆಯದು ಗದರಿಸುವುದು. ಧ್ವನಿ ಕೇಳಿಸಿದ ಕೂಡಲೇ ರೋಗಿ ಕಣ್ಣು ಮುಚ್ಚಬೇಕು, ಕಿವಿ ಮುಚ್ಚಬೇಕು, "ಹೋಗು! ನೀನು ಸುಳ್ಳು ಧ್ವನಿ! ನಾನು ಕೇಳಲ್ಲ!" ಎಂದು ಗದರಿಸಬೇಕು, ಧ್ವನಿ ಹೋಗುವವರೆಗೂ. ಎರಡನೆಯದು, ಪಕ್ಕದಲ್ಲಿರುವವರ ಹತ್ತಿರ ಹೋಗಿ, "ನನಗೆ ಧ್ವನಿ ಕೇಳಿಸ್ತಿದೆ, ಸ್ವಲ್ಪ ಮಾತಾಡಿ" ಎನ್ನುವುದು. ಮುಂದೆ ಕೆಲಸ, ಮಾತ್ರೆ, ಹೀಗೆ. ಹುಡುಗಿಯರು ಜೋಡಿಜೋಡಿಯಾಗಿ ನಿಂತು, ಒಬ್ಬಳು ರೋಗಿ, ಒಬ್ಬಳು ನರ್ಸ್ ಆಗಿ, ಕಿವಿ ಮುಚ್ಚಿಕೊಂಡು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು.

ಆಸ್ಪತ್ರೆಯಲ್ಲಿ ವೆನಿಂಗಳ ಪಾಲಿಗೆ ಬಂದವನು ಎಲ್ಲರೂ ಗೌರವದಿಂದ ಪಾಕ್ ವಿರ್ಯೊ ಎನ್ನುತ್ತಿದ್ದ ಮುದುಕ. ಮನೆಯವರು ಬಿಟ್ಟುಹೋಗಿ ಬಹಳ ಕಾಲವಾಗಿತ್ತು. ಅವಳು, "ಪಾಕ್, ಧ್ವನಿ ಏನು ಹೇಳುತ್ತೆ?" ಎಂದು ಕೇಳಿ ಮುಂದಿನ ಪ್ರಶ್ನೆ ಮರೆತು ನಿಂತಳು.

"ಯಾವಾಗ ಕೇಳ್ಸುತ್ತೆ ಅಂತ ಕೇಳ್ಬೇಕು ಮಗಳೇ" ಎಂದ ಮುದುಕ. "ಆಮೇಲೆ ಎಷ್ಟು ಸಲ ಅಂತ. ಹೋದ ಬ್ಯಾಚಿನವಳು ಚೆನ್ನಾಗಿ ಕೇಳಿದ್ಲು."

"ನೀವು ಗದರಿಸ್ತೀರಾ ಪಾಕ್?"

"ನಿಮ್ಮ ಟೀಚರ್ ಬಂದಾಗ ಗದರಿಸ್ತೀನಿ. ನಿಂಗೂ ಮಾರ್ಕು ಬರ್ಬೇಕಲ್ಲ."

"ಉಳಿದ ಹೊತ್ತು?"

"ಅದೂ ಹೋಗ್ಬಿಟ್ರೆ ನನ್ನ ಹತ್ರ ಮಾತಾಡೋರು ಯಾರಿದಾರೆ?"

ವೆನಿಂಗ್ ನಕ್ಕಳು. ಹುಚ್ಚರ ಎದುರು ತಾನು ನಗಬಲ್ಲೆ ಎನ್ನುವುದು ಅವಳಿಗೇ ಹೊಸತು. ದಿನ ಕಳೆದಂತೆ ಅವಳು ಅವನ ಉಗುರು ಕತ್ತರಿಸಿದಳು, ಅವನ ಜೊತೆ ಚೌಕಾಬಾರದಂಥ ಆಟವೊಂದನ್ನು ಆಡಿ ಸೋತಳು. ಮೆನಿಕ್ ಕೂಡ ಬದಲಾದಳು. "ಒಬ್ಬ ನನ್ನನ್ನ ಮದ್ವೆ ಆಗ್ತೀಯಾ ಅಂದ ಕಣೇ. ಮೂರು ವರ್ಷದಲ್ಲಿ ಮೊದಲ್ನೇ ಸಲ ಒಬ್ಬ ಕೇಳಿದ್ದು. ಯೋಚ್ನೆ ಮಾಡ್ತೀನಿ ಅಂದಿದೀನಿ" ಎಂದು ಎಲ್ಲರನ್ನೂ ನಗಿಸಿದಳು. ಕೊನೆಗೆ ಅದೇ ಪ್ರಶ್ನೆಗಳನ್ನು ಮತ್ತೆ ಹಂಚಿದರು. ಪಕ್ಕದ ಮನೆಯಲ್ಲಿ ವಾಸಿಸಲು ಈಗ ಬಹುತೇಕ ಎಲ್ಲರೂ ಒಪ್ಪಿದ್ದರು. ಶಿಕ್ಷಣದಿಂದ ಮನೋಭಾವ ಸುಧಾರಿಸಿದೆ ಎಂದು ಕಾಲೇಜಿನವರು ಸಂತೋಷಪಟ್ಟರು. ಅವರ ಮಾತು ಸುಳ್ಳಲ್ಲ. ವೆನಿಂಗಳ ಮಟ್ಟಿಗಂತೂ ಅದು ಪೂರ್ತಿ ನಿಜವಾಗಿತ್ತು. ರಜೆಗೆ ಊರಿಗೆ ಹೋದವಳು ಮೊದಲ ಬಾರಿಗೆ ಬಿದಿರಿನ ಗಳು ಇಲ್ಲದೆ, ತಟ್ಟೆಯನ್ನು ಕೈಯಲ್ಲೇ ಹಿಡಿದು ಕೊಟ್ಟಿಗೆಯೊಳಗೆ ಹೋದಳು.

"ಲಿಕ್ ಕಸ್ನೊ, ನಾನು ವೆನಿಂಗ್" ಎಂದಳು, ಮಾವನನ್ನು ಅಲ್ಲಿಯವರು ಕರೆಯುವಂತೆ.

ಕಸ್ನೊ ಅವಳ ಕಾಲಿನ ಕಡೆ ನೋಡಿದ. "ಚಪ್ಪಲಿ ಬಿಡು. ಈಗಷ್ಟೇ ಗುಡಿಸಿದೀನಿ" ಎಂದ.

ಆ ರಜೆಯಲ್ಲಿ ಅವಳು ಸುಮ್ಮನೆ ಕೂರಲಿಲ್ಲ. ಆರೋಗ್ಯ ಕೇಂದ್ರಕ್ಕೆ ನಾಲ್ಕಾರು ಬಾರಿ ಅಲೆದು, ವೈದ್ಯರನ್ನು ಮನೆಗೆ ಕರೆತಂದು, ತಿಂಗಳಿಗೊಂದು ಚುಚ್ಚುಮದ್ದು ಕೊಡಲು ಒಪ್ಪಿಸಿದಳು. ಔಷಧಿ ಹತ್ತಿತು. ಕಸ್ನೊ ರಾತ್ರಿ ನಿದ್ದೆ ಮಾಡತೊಡಗಿದ, ತಾನೇ ಮೀಯತೊಡಗಿದ. ಮುಂದಿನ ರಜೆಗೆ ಬಂದವಳು, ಸರಪಳಿ ಬಿಚ್ಚೋಣ ಎಂದಳು. ಅಜ್ಜಿ ಒಪ್ಪಲಿಲ್ಲ.

"ಊರವ್ರು ಏನಂತಾರೆ?"

"ಕಾಯಿಲೆ ಅಜ್ಜಿ ಅದು. ಸಕ್ಕರೆ ಕಾಯಿಲೆ ಥರಾನೇ."

"ಸಕ್ಕರೆ ಕಾಯಿಲೆಯವ್ರು ಕತ್ತಿ ಹಿಡ್ಕೊಂಡು ದಾರೀಲಿ ನಿಲ್ತಾರಾ?"

ವೆನಿಂಗ್ ನೇರವಾಗಿ ಊರ ಮುಖ್ಯಸ್ಥ ಪಾಕ್ ಮರ್ಸುದಿಯ ಮನೆಗೆ ಹೋದಳು. ಮರ್ಸುದಿ ಕೆಟ್ಟವನಲ್ಲ. ಸಾವಧಾನವಾಗಿ ಕೇಳಿಸಿಕೊಂಡ. ಅವನು ಉತ್ತರ ಕೊಡುವ ಮೊದಲೇ ಒಳಗಿನಿಂದ ಅವನ ಹೆಂಡತಿ ಬು ಸುಲಿಯಾ ಹೊರಬಂದು, "ಬಿಚ್ಚಲಿ ಬಿಡ್ರೀ. ನಮ್ಮ ಅಂಗಳದಲ್ಲೇ ಸೊಪ್ಪು ಹರವಲಿ. ನನ್ನ ಕಣ್ಣೆದುರಿಗೇ ಇರ್ತಾನೆ. ಕತ್ತಿ ಮಾತ್ರ ಕೈಗೆ ಕೊಡಲ್ಲ" ಎಂದಳು. ಆಕೆಗೆ ಎದೆನೋವಿನ ಕಾಯಿಲೆ ಇತ್ತು. ನಡೆಯುತ್ತಿದ್ದುದೇ ನಿಧಾನ, ಮಾತು ಮಾತ್ರ ಗಡಸು. ಹೀಗೆ ಸರಪಳಿ ಬಿಚ್ಚಿತು.

ಕಸ್ನೊ ಮೊದಲು ಗೋಡೆ ಹಿಡಿದು, ಆಮೇಲೆ ಕೋಲು ಹಿಡಿದು ನಡೆದ. ಬೆಳಿಗ್ಗೆ ಮರ್ಸುದಿಯ ಅಂಗಳಕ್ಕೆ ಹೋಗಿ ಹೆಚ್ಚಿದ ಹೊಗೆಸೊಪ್ಪನ್ನು ಬಿದಿರ ತಟ್ಟಿಗಳ ಮೇಲೆ ತೆಳ್ಳಗೆ ಹರವಿ ಬಿಸಿಲಿಗಿಡುತ್ತಿದ್ದ. ಬು ಸುಲಿಯಾ ಕಟ್ಟೆಯ ಮೇಲೆ ಕೂತು ಅವನಿಗೆ ಕಾಫಿ ಕೊಡಿಸಿ, "ಎಡಗಡೆ ದಪ್ಪ ಆಯ್ತು ಕಸ್ನೊ, ಕಣ್ಣು ಎಲ್ಲಿಟ್ಟಿದೀಯ?" ಎಂದು ಗದರುತ್ತಿದ್ದಳು. ಎಲ್ಲರನ್ನೂ ಬೈದಂತೆ ಅವನನ್ನೂ ಬೈದವಳು ಆ ಊರಿನಲ್ಲಿ ಅವಳೊಬ್ಬಳೇ.

ಉಳಿದದ್ದು ಧ್ವನಿ. ಔಷಧಿಯಿಂದ ಅದು ಕುಗ್ಗಿತ್ತು, ಹೋಗಿರಲಿಲ್ಲ. ವೆನಿಂಗ್ ಅವನನ್ನು ಕೂರಿಸಿಕೊಂಡು ಕಲಿತಂತೆ ಕ್ರಮವಾಗಿ ಕೇಳಿದಳು.

"ಏನು ಹೇಳುತ್ತೆ ಲಿಕ್?"

"ಸತ್ತರು ಅನ್ನುತ್ತೆ. ಹೆಸರು ಹೇಳುತ್ತೆ, ಸತ್ತರು ಅನ್ನುತ್ತೆ."

"ಯಾರ ಹೆಸರು?"

"ಎಲ್ಲರದೂ. ನಿನ್ನಮ್ಮನ ಹೆಸರೂ."

"ಅಮ್ಮ ಚೆನ್ನಾಗಿದಾಳೆ. ಅದು ಸುಳ್ಳು ಧ್ವನಿ. ಯಾರಾದ್ರೂ ಸತ್ತರು ಅಂತ ಕೇಳ್ಸಿದ್ರೆ ಹೆದರ್ಬೇಡಿ, ಕಿವಿ ಮುಚ್ಚಿ ಗದರಿಸಿ. ಎಲ್ಲಿ, ನನ್ನ ಜೊತೆ ಹೇಳಿ."

ಕಸ್ನೊ ಒಳ್ಳೆಯ ವಿದ್ಯಾರ್ಥಿ. ಒಂದೇ ದಿನದಲ್ಲಿ ಕಲಿತ. ಗದರಿಸಿದಾಗ ಧ್ವನಿ ನಿಜವಾಗಿಯೂ ಹಿಂದೆ ಸರಿಯುತ್ತದೆ ಎಂದು ಅವನು ಹೇಳಿದಾಗ ವೆನಿಂಗಳ ಕಣ್ಣಲ್ಲಿ ನೀರು ಬಂತು. ಎರಡನೆಯ ಹಂತವನ್ನೂ ಕಲಿಸಿದಳು. ಅವನು ಪಕ್ಕದ ಮನೆಗೆ ಹೋಗಿ, "ನನಗೆ ಧ್ವನಿ ಕೇಳಿಸ್ತಿದೆ, ಸ್ವಲ್ಪ ಮಾತಾಡಿ" ಎಂದ. ಆ ಮನೆಯವರು ಮಕ್ಕಳನ್ನು ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡರು. ಇನ್ನೊಂದು ಮನೆಯಲ್ಲೂ ಹಾಗೆಯೇ ಆಯಿತು. ಆಸ್ಪತ್ರೆಯಲ್ಲಿ ಈ ಹಂತಕ್ಕೆ ಒಬ್ಬ ರೋಗಿಯ ಪಕ್ಕ ಇನ್ನೊಬ್ಬ ರೋಗಿ ಇರುತ್ತಿದ್ದ. ಇಲ್ಲಿ ಊರು ಇತ್ತು. ಕಸ್ನೊ ಮೊದಲನೆಯ ಪಾಠವನ್ನೇ ಗಟ್ಟಿಮಾಡಿಕೊಂಡ. ವೆನಿಂಗಳ ರಜೆ ಮುಗಿಯಿತು.

ಹೊಗೆಸೊಪ್ಪಿನ ಕೊಯ್ಲು ಮುಗಿಯುತ್ತ ಬಂದ ಒಂದು ಬೆಳಿಗ್ಗೆ ಬು ಸುಲಿಯಾ ಹಾಸಿಗೆಯಲ್ಲೇ ತೀರಿಕೊಂಡಳು. ಕಸ್ನೊಗೆ ಗೊತ್ತಿರಲಿಲ್ಲ. ದಿನದಂತೆ ಅಂಗಳಕ್ಕೆ ಬಂದು, ತಟ್ಟಿಗಳು ಮಡಚಿ ಇಟ್ಟಿದ್ದನ್ನು ನೋಡಿ, ಅವನ್ನು ಬಿಡಿಸತೊಡಗಿದ್ದ. ಒಳಗೆ ಹೆಂಗಸರು ಶವಕ್ಕೆ ಸ್ನಾನ ಮಾಡಿಸುವ ಸಿದ್ಧತೆಯಲ್ಲಿದ್ದರು. ಆಗ ಮಸೀದಿಯ ಧ್ವನಿವರ್ಧಕ, ಆ ಊರಲ್ಲಿ ಯಾರು ಹೋದರೂ ಸಾರುವಂತೆ, ಸಾರಿತು. ಪಾಕ್ ಮರ್ಸುದಿಯವರ ಮಡದಿ ಬು ಸುಲಿಯಾ ಈ ಬೆಳಿಗ್ಗೆ ತೀರಿಕೊಂಡಿದ್ದಾರೆ.

ಹೆಸರು ಹೇಳಿತು. ಸತ್ತರು ಎಂದಿತು. ಹೇಳಿದವರ ಮುಖ ಎಲ್ಲೂ ಇರಲಿಲ್ಲ.

ಕಸ್ನೊ ಕಣ್ಣು ಮುಚ್ಚಿದ. ಎರಡೂ ಕಿವಿ ಮುಚ್ಚಿದ. "ಹೋಗು! ನೀನು ಸುಳ್ಳು ಧ್ವನಿ! ನಾನು ಕೇಳಲ್ಲ!" ಎಂದು ಕೂಗಿದ. ಧ್ವನಿವರ್ಧಕ ರೂಢಿಯಂತೆ ಮತ್ತೆ ಸಾರಿತು. ಅವನು ಕಲಿತಂತೆ ಇನ್ನೂ ಜೋರಾಗಿ ಗದರಿಸಿದ. ಅಂಗಳಕ್ಕೆ ಆಗಲೇ ಸಾವಿನ ಮನೆಗೆ ಜನ ಬರತೊಡಗಿದ್ದರು. ಒಳಗಿನಿಂದ ಬು ಸುಲಿಯಾಳ ತಮ್ಮ ಓಡಿಬಂದು ಅವನ ಕೆನ್ನೆಗೆ ಹೊಡೆದ. ಕಣ್ಣು ಮುಚ್ಚಿದ್ದವನಿಗೆ ಏಟು ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಕೈ ಬೀಸಿದ. ಶವಸ್ನಾನಕ್ಕೆ ತುಂಬಿಟ್ಟಿದ್ದ ಹೂವಿನ ನೀರಿನ ಹಂಡೆ ಉರುಳಿತು.

ಅಜ್ಜಿ ಫೋನು ಮಾಡಿದಾಗ ವೆನಿಂಗ್ ಕೊನೆಯ ಪರೀಕ್ಷೆಗೆ ಓದುತ್ತಿದ್ದಳು. ಸಿಕ್ಕಿದ ಬಸ್ಸು ಹತ್ತಿದಳು. ದಾರಿಯಲ್ಲೇ ಬು ಹರ್ತಿನಿಗೆ ಫೋನು ಮಾಡಿ ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಒಂದೇ ಉಸಿರಿಗೆ ಹೇಳಿದಳು.

"ಆಸ್ಪತ್ರೆಗೆ ಸೇರಿಸು" ಎಂದರು ಬು ಹರ್ತಿನಿ.

"ಸೇರಿಸಿದ್ರೆ ಕೆಲವು ವಾರ ಇಟ್ಕೊಂಡು ಮನೆಗೆ ಕಳಿಸ್ತಾರೆ ಬು. ಮನೆ ಅಂದ್ರೆ ಇದೇ ಊರು."

"ಚುಚ್ಚುಮದ್ದು ಸರಿಯಾಗಿ ಆಗಿದೆಯಾ?"

"ಈ ತಿಂಗಳು ಆರೋಗ್ಯ ಕೇಂದ್ರಕ್ಕೆ ಔಷಧೀನೇ ಬಂದಿಲ್ಲವಂತೆ."

"ಊರವರಲ್ಲಿ ಅರಿವು ಮೂಡಿಸಬೇಕು ವೆನಿಂಗ್. ನೀನು ಅವರ ಜೊತೆ ಕೂತು ಮಾತಾಡು."

"ಮಾತಾಡಿದ್ದೆ ಬು. ಒಬ್ಬರು ಒಪ್ಪಿದ್ರು. ಅವರೇ ಸತ್ತಿರೋದು."

ಬು ಹರ್ತಿನಿಯ ಬಳಿ ಮುಂದಿನ ಹಂತ ಇರಲಿಲ್ಲ. "ಧೈರ್ಯವಾಗಿರಮ್ಮ" ಎಂದರು. ಆಕೆಯ ಕಾಳಜಿ ನಿಜವಾದದ್ದೇ.

ವೆನಿಂಗ್ ಊರು ಸೇರುವ ಹೊತ್ತಿಗೆ ಮಣ್ಣು ಮುಗಿದಿತ್ತು. ಮರ್ಸುದಿಯ ಚಾವಡಿಯಲ್ಲಿ ಚಾಪೆ ಹಾಸಿತ್ತು. ಗಂಡಸರು ಕೂತಿದ್ದರು. ಅವಳು ಬಾಗಿಲಲ್ಲೇ ಕೂತು ಶೋಕ ಹೇಳಿ, ತಪ್ಪು ಮಾವನದಲ್ಲ, ತಾನು ಕಲಿಸಿದ ಪಾಠದ್ದು ಎಂದು ವಿವರಿಸಿದಳು. ಕಿವಿ ಮುಚ್ಚುವುದು, ಗದರಿಸುವುದು, ಹಂತಗಳು, ಎಲ್ಲವನ್ನೂ ಹೇಳಿದಳು. ಹೇಳುತ್ತ ಹೋದಂತೆ ಆ ಚಾವಡಿಯಲ್ಲಿ ಅದೆಲ್ಲ ಹುಡುಗಾಟದಂತೆ ಕೇಳಿಸಿತು. ಅವಳಿಗೂ ಹಾಗೇ ಕೇಳಿಸಿತು.

"ಅಂದ್ರೆ," ಎಂದ ಬು ಸುಲಿಯಾಳ ತಮ್ಮ, "ನನ್ನಕ್ಕನ ಸಾವಿನ ದಿನ ಆ ಕೂಗು ಕೂಗೋಕೆ ಅವನಿಗೆ ಹೇಳ್ಕೊಟ್ಟಿದ್ದು ನೀನು. ಕಾಲೇಜಲ್ಲಿ ದುಡ್ಡು ಕಟ್ಟಿ ಕಲ್ತು ಬಂದಿದ್ದು ಇದನ್ನ?"

"ಅವರಿಗೆ ಯಾವ ಧ್ವನಿ ನಿಜ, ಯಾವುದು ಸುಳ್ಳು ಅಂತ ತಿಳಿಯಲ್ಲ."

"ನಮಗೆ ತಿಳಿಯುತ್ತೆ. ನಾವು ಕಟ್ಟಿ ಹಾಕ್ತೀವಿ. ಇಲ್ಲಾಂದ್ರೆ ಕಾಲು ಮುರೀತೀವಿ, ಆಗ ಸರಪಳಿ ಖರ್ಚೂ ಇಲ್ಲ."

ಯಾರೋ ಇಬ್ಬರು ನಕ್ಕರು. ಮರ್ಸುದಿ ಕೈ ಎತ್ತಿ ಸುಮ್ಮನಿರಿಸಿದ. ಅವನ ಕಣ್ಣುಗಳು ಊದಿಕೊಂಡಿದ್ದವು.

"ನೋಡು ಮಗಳೇ. ಬಿಚ್ಚಿ ಅಂದವಳು ನನ್ನ ಹೆಂಡತಿ. ಅವಳ ಮಾತು ನಡೆಸ್ಬೇಕು ಅಂತ ನಂಗೂ ಇದೆ. ನಿನ್ನ ಓದು ಸರಿಯಾಗೇ ಇರ್ಬಹುದು. ಆದ್ರೆ ನಾಳೆ ಮತ್ತೊಬ್ಬರು ಸಾಯ್ತಾರೆ, ಸ್ಪೀಕರ್ ಕೂಗುತ್ತೆ. ಆವಾಗ ಅವನ ಪಕ್ಕ ನಿಂತು ಇದು ನಿಜ ಕಣೋ ಅಂತ ಹೇಳೋರು ಯಾರು? ನೀನು ಇಲ್ಲಿರ್ತೀಯಾ?"

ವೆನಿಂಗಳ ಕೊನೆಯ ಪರೀಕ್ಷೆ ಮುಂದಿನ ವಾರ. ಅದಾದ ಮೇಲೆ ಕೆಲಸ, ಯಾವುದೋ ಊರಿನಲ್ಲಿ. ಅಮ್ಮ ಇಷ್ಟು ವರ್ಷ ಪರದೇಶದಲ್ಲಿ ನೆಲ ಒರೆಸಿದ್ದು ಅದಕ್ಕೇ.

"ಇರ್ತೀಯಾ?" ಮರ್ಸುದಿ ಮತ್ತೆ ಕೇಳಿದ. ಅವನ ದನಿಯಲ್ಲಿ ಕುಹಕವಿರಲಿಲ್ಲ. ಇರುತ್ತೇನೆ ಎಂದಿದ್ದರೆ ಬಹುಶಃ ಒಪ್ಪಿಬಿಡುತ್ತಿದ್ದ.

ಅವಳು ತಲೆ ತಗ್ಗಿಸಿದಳು.

"ನಾಳೆ ಬೆಳಿಗ್ಗೆ ಕಟ್ಟಿ" ಎಂದ ಮರ್ಸುದಿ. "ಅಲ್ಲೀವರೆಗೂ ಯಾರೂ ಅವನ ಮೇಲೆ ಕೈ ಮಾಡಬಾರದು. ಅಷ್ಟು ನಾನು ನೋಡ್ಕೋತೀನಿ."

ಬೆಳಿಗ್ಗೆ ಸರಪಳಿ ತಂದವರು ಊರವರಲ್ಲ, ಅಜ್ಜಿ. ಎಲ್ಲಿಟ್ಟಿದ್ದಳೋ, ಎಣ್ಣೆ ಹಚ್ಚಿ ಚೀಲದಲ್ಲಿ ಕಟ್ಟಿಟ್ಟಿದ್ದಳು. ತುಕ್ಕು ಹಿಡಿದಿರಲಿಲ್ಲ. ವೆನಿಂಗ್ ಅವಳ ಮುಖ ನೋಡಿದಳು.

"ನೀನು ಬಿಚ್ಚಿಸಿದ ದಿನ ಬಿಸಾಡಬೇಕಿತ್ತು ಅಂತ ನೋಡ್ತಿದೀಯಾ?" ಎಂದಳು ತುಮಿರಾ. "ಮೊದಲ ಸಲ ಅವನನ್ನ ಕಟ್ಟುವಾಗ ಕಾಲು ಕೊಡಲ್ಲ ಅಂತ ಅತ್ತಿದ್ದ. ಆ ಅಳು ಕೇಳಿದವಳು ನಾನು. ನೀನಲ್ಲ. ಒಳಗೆ ಹೋಗು."

ವೆನಿಂಗ್ ಒಳಗೆ ಹೋಗಲಿಲ್ಲ. ಕಸ್ನೊ ಕೊಟ್ಟಿಗೆಯ ಕಂಬಕ್ಕೆ ಒರಗಿ ಕೂತಿದ್ದ. ಕೆನ್ನೆ ಊದಿತ್ತು. ಸರಪಳಿ ಕಂಡದ್ದೇ ತಾನಾಗಿಯೇ ಎಡಗಾಲು ಮುಂದೆ ಚಾಚಿದ. ಈ ಸಲ ಅಳಲಿಲ್ಲ.

"ನಾನು ಸರಿಯಾಗಿ ಗದರಿಸಿದೆ" ಎಂದ ವೆನಿಂಗಳಿಗೆ.

"ಹೌದು ಲಿಕ್."

"ಹೋಗ್ಲಿಲ್ಲ ಅದು."

"ಅದು ನಿಜವಾದ ಧ್ವನಿ ಲಿಕ್. ಬು ಸುಲಿಯಾ ತೀರಿಕೊಂಡ್ರು."

ವೆನಿಂಗ್ ಹಳೆಯ ಹತ್ತಿಯ ಸೀರೆಯಂಥ ಬಟ್ಟೆಯನ್ನು ಉದ್ದಕ್ಕೆ ಹರಿದು, ಮಡಚಿ, ಅವನ ಕಣಕಾಲಿಗೆ ಸುತ್ತತೊಡಗಿದ್ದಳು. ಒತ್ತಡದ ಹುಣ್ಣು ಎಲ್ಲಿ ಮೊದಲು ಏಳುತ್ತದೆ, ಬಟ್ಟೆಯ ಅಂಚು ಎಲ್ಲಿ ಬರಬಾರದು ಎಂಬುದು ಎರಡನೆಯ ವರ್ಷದ ಪಾಠ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಹಾಗಾದ್ರೆ ನಿನ್ನಮ್ಮ ಸತ್ತಿದ್ದೂ ನಿಜಾನಾ?" ಎಂದ ಕಸ್ನೊ.

"ಇಲ್ಲ. ಅದು ಸುಳ್ಳು."

"ಅದೂ ಹಾಗೇ ಕೇಳ್ಸುತ್ತಲ್ಲ."

ಅವಳು ಬಟ್ಟೆಯ ತುದಿಯನ್ನು ಒಳಗೆ ಸಿಕ್ಕಿಸಿದಳು. ಅಜ್ಜಿ ಸರಪಳಿಯ ಬಳೆಯನ್ನು ಅದರ ಮೇಲೆ ತಂದು, "ಬೆರಳು ಹೋಗೋಷ್ಟು ಸಡಿಲ ಇದ್ರೆ ಸಾಕಾ?" ಎಂದು ಕೇಳಿದಳು. ನರ್ಸನ್ನು ಕೇಳುವ ದನಿಯಲ್ಲೇ ಕೇಳಿದಳು.

"ಎರಡು ಬೆರಳು" ಎಂದಳು ವೆನಿಂಗ್. "ಕಾಲು ಊದಿದ್ರೆ ಜಾಗ ಬೇಕು."

ಬೀಗ ಬಿತ್ತು. ವೆನಿಂಗ್ ಮೊಣಕಾಲೂರಿ ಅವನ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಟ್ಟಳು. ಬಿಳಿಚಿಕೊಂಡ ಉಗುರಿಗೆ ಮೆಲ್ಲಗೆ ಕೆಂಪು ಮರಳಿತು.

"ಸರಿಯಾಗಿದೆಯಾ?" ಎಂದಳು ಅಜ್ಜಿ.

"ಸರಿಯಾಗಿದೆ" ಎಂದಳು ವೆನಿಂಗ್. "ರಕ್ತ ಓಡಾಡ್ತಿದೆ."